ಮಾತು ಕೊಡುವ ಹುಲಿಯಪ್ಪ

ಸಾಗರದ ನೆಲಗುಡಿ ನಾಟಕ ಬಳಗದಲ್ಲಿ ಮೂವತ್ಮೂರು ವರ್ಷ ದುಡಿದೂ ಒಂದು ಸಲವಾದರೂ ಜನರ ಕಣ್ಣಿಗೆ ಬೀಳದವನು ಯಾರು ಎಂದು ಕೇಳಿದರೆ ಉತ್ತರ ಒಂದೇ: ಹುಲಿಯಪ್ಪ. ಹೆಸರೇನೋ ಹುಲಿಯದು. ಆದರೆ ಬಾಯಿ ತೆರೆದರೆ ಮೊದಲ ಅಕ್ಷರವೇ ಹಲ್ಲಿನ ಹಿಂದೆ ಸಿಕ್ಕಿಕೊಂಡು, ಕೇಳುವವನಿಗೆ ಬಸ್ಸು ತಪ್ಪುವಷ್ಟು ಹೊತ್ತು ಹೊರಗೆ ಬರುತ್ತಿರಲಿಲ್ಲ. ಉಗ್ಗು. ಹುಟ್ಟಿನಿಂದ ಬಂದದ್ದು. ನಾಟಿ ಔಷಧಿ ಆಯಿತು, ದೇವರಿಗೆ ಹರಕೆ ಆಯಿತು, ನಾಲಿಗೆಗೆ ಬಜೆ ತೇಯ್ದು ನೆಕ್ಕಿಸಿದ್ದೂ ಆಯಿತು. ಬಜೆಯ ಕೊಂಬು ಸವೆಯಿತೇ ಹೊರತು ಉಗ್ಗು ಸವೆಯಲಿಲ್ಲ.

ಕೆಳದಿ ದಾರಿಯ ಹಳ್ಳಿಯೊಂದರಲ್ಲಿ ಅವನ ಮನೆ. ಅಪ್ಪನ ಕಾಲಕ್ಕೆ ಗೇಣಿ, ಅವನ ಕಾಲಕ್ಕೆ ಸ್ವಂತದ ಒಂದೂವರೆ ಎಕರೆ ಗದ್ದೆ. ಜೊತೆಗೆ ಪಂಚಾಯತಿಯಲ್ಲಿ ವಾಟರ್‌ಮನ್ ಕೆಲಸ. ಬೆಳಿಗ್ಗೆ ಆರಕ್ಕೆ ಎದ್ದು ಮೇಲಿನ ಕೇರಿಗೊಂದು ವಾಲ್ವು, ಕೆಳಗಿನ ಕೇರಿಗೊಂದು ವಾಲ್ವು ತಿರುಗಿಸುವುದು, ನೀರು ಬಾರದ ಮನೆಯವರಿಂದ ಬೈಸಿಕೊಳ್ಳುವುದು. ಬೈಸಿಕೊಳ್ಳಲು ಮಾತು ಬೇಕಿಲ್ಲವಲ್ಲ, ಹಾಗಾಗಿ ಕೆಲಸ ಅವನಿಗೆ ಚೆನ್ನಾಗಿಯೇ ಒಗ್ಗಿತು.

ಇಂಥವನು ನಾಟಕಕ್ಕೆ ಹೇಗೆ ಬಂದ ಎನ್ನುವುದಕ್ಕೆ ಒಂದು ಕತೆ ಇದೆ. ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ನಾಟಕದಲ್ಲಿ ಅವನಿಗೆ ದೂತನ ಪಾರ್ಟು ಸಿಕ್ಕಿತ್ತು. ಇದ್ದದ್ದು ಒಂದೇ ಮಾತು: ‘ಪ್ರಭು, ಶತ್ರುಗಳು ಕೋಟೆಯನ್ನು ಮುತ್ತಿದರು.’ ಹುಲಿಯಪ್ಪ ಓಡಿ ಬಂದ, ಕೈ ಮುಗಿದ, ‘ಪ್ರ’ ಎಂದ, ನಿಂತ. ನಿಂತೇ ನಿಂತ. ಎದುರಿಗೆ ಕೂತಿದ್ದ ಯಾರೋ ಕಿಡಿಗೇಡಿ, “ತಡ ಆತು ಮಾರಾಯ, ಶತ್ರುಗಳು ಊಟ ಮಾಡ್ಕಂಡು ಹೋದ್ರು!” ಎಂದು ಕೂಗಿದ. ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಳುತ್ತ ಪರದೆಯ ಹಿಂದೆ ಬಂದು ಕೂತವನಿಗೆ, ರಾಜನ ಪಾರ್ಟಿನವನು ಮುಂದಿನ ಮಾತು ಮರೆತು ಕಣ್ಣು ಕಣ್ಣು ಬಿಡುತ್ತಿರುವುದು ಕಂಡಿತು. ಸಿಟ್ಟಿನಲ್ಲೇ ಪಿಸುಗುಟ್ಟಿದ: ‘ಮಂತ್ರಿಗಳನ್ನು ಕರೆಸಿ, ಸಭೆ ಸೇರಲಿ.’ ಒಂದಕ್ಷರ ತಡವರಿಸಲಿಲ್ಲ. ಗಟ್ಟಿಯಾಗಿ ಆಡಿದರೆ ಮಾತ್ರ ಉಗ್ಗು, ಪಿಸುಗುಟ್ಟಿದರೆ ಇಲ್ಲ ಎಂದು ಅವನಿಗೆ ತಿಳಿದದ್ದು ಅಂದು.

ಅವನು ಮಾಡುವ ಕೆಲಸಕ್ಕೆ ಪ್ರಾಂಪ್ಟರ್ ಎಂಬ ಹೆಸರೇನೋ ಇದೆ. ಬಳಗದಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ‘ಮಾತು ಕೊಡೋದು’ ಅನ್ನುತ್ತಾರೆ. “ಇವತ್ತು ಮಾತು ಕೊಡೋರು ಯಾರು?” “ಹುಲಿಯಪ್ಪ ಬಂದ್ನಾ? ಹಾಗಾದ್ರೆ ಹೆದ್ರಿಕೆ ಇಲ್ಲ.” ಸೈಡ್‌ವಿಂಗಿನಲ್ಲಿ ಮಣೆ ಹಾಕಿಕೊಂಡು, ತೊಡೆಯ ಮೇಲೆ ನಾಟಕದ ಪ್ರತಿ, ಕೈಯಲ್ಲಿ ಒಂದು ಸಣ್ಣ ಟಾರ್ಚು. ನಟ ತಡವರಿಸುವ ಮೊದಲೇ ಮಾತು ಅವನ ಕಿವಿಗೆ ಹೋಗಿ ಬಿದ್ದಿರಬೇಕು, ಮೊದಲ ಸಾಲಿನವರಿಗೂ ಕೇಳಿಸಬಾರದು. ಊರಿಗೆ ನೀರು ಬಿಟ್ಟ ಹಾಗೇ ಇದೂ. ಎಷ್ಟು ತಿರುಗಿಸಬೇಕೋ ಅಷ್ಟೇ ತಿರುಗಿಸಬೇಕು.

ಬಳಗದ ಹೆಸರು ನಾಲ್ಕು ತಾಲ್ಲೂಕಿಗೆ ಗೊತ್ತಾದದ್ದು ‘ಕೊನೇ ಲಾರಿ’ ನಾಟಕದಿಂದ. ಬರೆದವರು ಬಳಗದಲ್ಲೇ ಇದ್ದ ಒಬ್ಬ ಮೇಷ್ಟ್ರು. ತೀರಿಕೊಂಡು ಹನ್ನೆರಡು ವರ್ಷ ಆಯಿತು. ಅಣೆಕಟ್ಟಿನ ನೀರು ಏರುತ್ತಿದೆ, ಊರೆಲ್ಲ ಖಾಲಿಯಾಗಿದೆ, ಒಬ್ಬ ಮುದುಕಿ ಮಾತ್ರ ಮನೆ ಬಿಟ್ಟು ಏಳುತ್ತಿಲ್ಲ. ಕೊನೇ ಲಾರಿ ಬಂದು ನಿಂತಿದೆ. ‘ಲಾರಿಗೆ ಏನೇನು ಹಾಕಬೇಕು, ಬೇಗ ಹೇಳಮ್ಮ’ ಎಂದು ಅಧಿಕಾರಿ ಅವಸರ ಮಾಡುತ್ತಾನೆ. ಮುದುಕಿ ಒಂದೊಂದಾಗಿ ಹನ್ನೊಂದು ಹೇಳುತ್ತಾಳೆ. ಒನಕೆ. ಬೀಸುಕಲ್ಲು. ಹಂಡೆ. ಕಂಬಳಿ. ಮೊರ. ದೇವರ ಮಣೆ. ತೊಟ್ಟಿಲು. ಅತ್ತೆಯ ಊರುಗೋಲು. ಕೋಳಿಗೂಡು. ತುಳಸಿಗಿಡ, ಮಣ್ಣು ಸಮೇತ. ಕೊನೆಯದು, ಹೊಸಿಲು. ಹೊಸಿಲನ್ನು ಲಾರಿಗೆ ಹಾಕುವುದು ಹೇಗೆ? ಅಲ್ಲಿಗೆ ಪರದೆ. ಮುಳುಗಡೆಯಲ್ಲಿ ಮನೆ ಕಳಕೊಂಡವರ ಮಕ್ಕಳು ಮೊಮ್ಮಕ್ಕಳು ಇರುವ ಊರುಗಳಲ್ಲಿ ಆ ಒಂದು ಪದಕ್ಕೆ ಜನ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಹುಲಿಯಪ್ಪ ಸೈಡ್‌ವಿಂಗಿನಿಂದ ಎಷ್ಟು ಸಲ ಕೇಳಿದ್ದಾನೋ ಲೆಕ್ಕವಿಲ್ಲ.

ಮುದುಕಿಯ ಪಾತ್ರ ಜಲಜಮ್ಮನವರದು. ಮೊದಲ ಪ್ರದರ್ಶನದಲ್ಲಿ ಅವರಿಗೆ ಮೂವತ್ತೈದು ವರ್ಷ, ತಲೆಗೆ ಪೌಡರು ಮೆತ್ತಿಕೊಳ್ಳುತ್ತಿದ್ದರು. ಈಗ ಅರವತ್ತೆಂಟು, ಪೌಡರು ಉಳಿಯಿತು. ಸಾಗರದಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದು, ಆಮೇಲೆ ತಮ್ಮೂರು ತೀರ್ಥಹಳ್ಳಿಗೆ ವರ್ಗವಾಗಿ ಹೋದವರು, ನಾಟಕ ಇದ್ದಾಗ ಮಾತ್ರ ಹೊಸನಗರದ ಮೇಲಿನ ಬಸ್ಸು ಹಿಡಿದು ಬರುತ್ತಾರೆ. ಅವರಿಗೂ ಹುಲಿಯಪ್ಪನಿಗೂ ನಡುವೆ ಒಂದು ಗುಟ್ಟು ಉಂಟು. ಜಲಜಮ್ಮ ಸುಮ್ಮನೆ ನಿಂತರೆ ಅದು ನಟನೆ, ಬಾಯಿ ಹಾಕಕೂಡದು. ಸೆರಗನ್ನು ಎಡಗೈಯಿಂದ ಒಮ್ಮೆ ಮುಂದಕ್ಕೆ ಎಳೆದುಕೊಂಡರೆ, ಮಾತು ಮರೆತಿದೆ, ಕೊಡಬೇಕು. ನೋಡುವವರಿಗೆ ಮುದುಕಿಗೆ ಚಳಿಯಾಯಿತು ಅಂತ ಕಾಣುತ್ತಿತ್ತು.

ಮೊದಮೊದಲು ಒಂದು ಪ್ರದರ್ಶನಕ್ಕೆ ಒಮ್ಮೆಯೋ ಎರಡು ಸಲವೋ ಸೆರಗು ಎಳೆಯುತ್ತಿದ್ದರು. ಹೋದ ವರ್ಷದ ಕೊನೆಯ ಪ್ರದರ್ಶನದಲ್ಲಿ ಹದಿನಾಲ್ಕು ಸಲ. ನೋಡಿದವರು “ಜಲಜಮ್ಮ ಇನ್ನೂ ಮಾಗಿದಾರೆ” ಅಂದರು. ಹುಲಿಯಪ್ಪ ತನ್ನ ಪ್ರತಿಯಲ್ಲಿ ಹದಿನಾಲ್ಕು ಕಡೆ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಟ್ಟ. ಯಾರಿಗೂ ಹೇಳಲಿಲ್ಲ.

ಆ ಹೊತ್ತಿಗೇ ಟೀವಿಯವರು ಬಂದರು. ಊರೂರಿನ ಹವ್ಯಾಸಿ ತಂಡಗಳ ನಾಟಕಗಳನ್ನು ಟೀವಿಗೆ ಅಳವಡಿಸುವ ಸರಣಿಯಂತೆ. ನಿರ್ದೇಶಕಿ ವಿನಯಾ, ಬೆಂಗಳೂರಿನವಳು, ಮೂವತ್ತರ ಆಸುಪಾಸು, ಕಾಲಿಗೆ ಶೂ, ಬಾಯಿಗೆ ಬಿಡುವಿಲ್ಲ. ಎರಡೂವರೆ ತಾಸಿನ ನಾಟಕವನ್ನು ತೊಂಬತ್ತು ನಿಮಿಷಕ್ಕೆ ಇಳಿಸಬೇಕು, ಪ್ರತಿ ಕೊಡಿ ಎಂದಳು. ನಾಟಕ ಅಚ್ಚಾದದ್ದೇ ಇಲ್ಲ. ಇದ್ದದ್ದು ಹುಲಿಯಪ್ಪನ ಪ್ರತಿ ಒಂದೇ, ರಟ್ಟು ಕಿತ್ತು, ದಾರದಲ್ಲಿ ಹೊಲಿದದ್ದು.

ಹುಡುಗಿ ಪುಟ ತಿರುವಿದವಳು ಹುಬ್ಬೇರಿಸಿದಳು. ಅಂಚಿನಲ್ಲೆಲ್ಲ ಪೆನ್ಸಿಲಿನ ಬರಹ: ಇಲ್ಲಿ ನಗು. ಇಲ್ಲಿ ಚಪ್ಪಾಳೆ. ಇಲ್ಲಿ ಕೆಮ್ಮು. ಇಲ್ಲಿ ಜೋರು ಕೆಮ್ಮು.

“ಈ ಕೆಮ್ಮು ಯಾರದ್ದು?” ಎಂದು ಕೇಳಿದಳು.

“ಜ್... ಜ್... ಜನರದ್ದು,” ಎಂದ ಹುಲಿಯಪ್ಪ. ನಾಟಕ ಎಲ್ಲಿ ಸಡಿಲಾಗುತ್ತದೋ ಅಲ್ಲಿ ಜನ ಕೆಮ್ಮುತ್ತಾರೆ, ಅದನ್ನೂ ಬರೆದಿಟ್ಟಿದ್ದ.

ವಿನಯಾ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಪೆನ್ನು ತೆಗೆದು, ಎಲ್ಲೆಲ್ಲಿ ಕೆಮ್ಮು ಇತ್ತೋ ಅಲ್ಲೆಲ್ಲ ಗೀಟು ಎಳೆಯುತ್ತ ಹೋದಳು. ಹೊಡೆದು ಹಾಕಿ ಎಣಿಸಿದರೆ ತೊಂಬತ್ತೈದು ನಿಮಿಷದ ನಾಟಕ ಉಳಿದಿತ್ತು. “ನನ್ನ ಒಂದು ತಿಂಗಳ ಕೆಲಸ ನೀವು ಮಾಡಿಟ್ಟಿದೀರಿ ಹುಲಿಯಪ್ಪನೋರೆ,” ಎಂದಳು. ಮೂವತ್ಮೂರು ವರ್ಷದಲ್ಲಿ ಅವನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಮನೆಗೆ ಹೋಗಿ ಹೆಂಡತಿ ಕೆರಿಯಮ್ಮನಿಗೆ ಹೇಳಿ ಮುಗಿಸಲು ಅರ್ಧ ತಾಸು ಹಿಡಿಯಿತು.

ಪಾತ್ರದ ವಿಷಯ ಮಾತ್ರ ಅಷ್ಟು ಸಲೀಸಾಗಲಿಲ್ಲ. ಮುದುಕಿಯ ಪಾತ್ರಕ್ಕೆ ಧಾರಾವಾಹಿಗಳಲ್ಲಿ ಹೆಸರು ಮಾಡಿದ ನಟಿಯೊಬ್ಬಳನ್ನು ಹಾಕಿ ಎಂದು ಟೀವಿಯ ಮೇಲಿನವರ ಒತ್ತಾಯ. ವಿನಯಾ ಪಟ್ಟು ಹಿಡಿದು ಜಲಜಮ್ಮನನ್ನೇ ಉಳಿಸಿಕೊಂಡಿದ್ದಳು. ಇದು ಕಿವಿಗೆ ಬಿದ್ದದ್ದೇ ಜಲಜಮ್ಮ ಹುಲಿಯಪ್ಪನನ್ನು ರಿಹರ್ಸಲ್ ಜಾಗದ ಹಿಂದುಗಡೆಗೆ ಕರೆದರು.

“ನೋಡು ಹುಲಿಯಪ್ಪ, ನನ್ನ ತಲೆ ಈಗ ಮೊದಲಿನ ಹಾಂಗೆ ಇಲ್ಲ. ಮೊನ್ನೆ ಹಾಲಿನವನ ಹೆಸರೇ ಮರ್ತೋತು. ನಿಂಗೆ ಗೊತ್ತಿದ್ದದ್ದೇ.”

ಹುಲಿಯಪ್ಪ ನೆಲ ನೋಡಿದ.

“ಇದೊಂದು ಆಗ್ಬಿಡ್ಲಿ. ಇನ್ನು ನಾಟಕ ಮಾಡೋದಿಲ್ಲ ನಾನು. ಆದ್ರೆ ಇದು ನನ್ನದೇ ಮುಖದಲ್ಲಿ ಉಳೀಬೇಕು ಮಾರಾಯ, ಬ್ಯಾರೆ ಯಾರದ್ದೋ ಮುಖದಲ್ಲಿ ಅಲ್ಲ. ನೀನು ಇರ್ತೀಯಲ್ಲ?”

“ಇರ್ತೀನಿ ಟೀಚ್ರೆ,” ಎಂದು ಹುಲಿಯಪ್ಪ ಪಿಸುಗುಟ್ಟಿದ. ಮಾತು ಕೊಡುವವನು ಹೀಗೆ ಮಾತು ಕೊಟ್ಟ.

ಚಿತ್ರೀಕರಣ ಹೊಸನಗರದ ಕಡೆ, ಹಿನ್ನೀರಿನ ದಡದ ಒಂದು ಹೆಂಚಿನ ಮನೆಯಲ್ಲಿ. ಫೆಬ್ರವರಿಯ ಬಿಸಿಲು, ನೀರು ಹಿಂದೆ ಸರಿದು ಕೆಸರು ಒಣಗಿ ಬಿರಿದಿತ್ತು. ಅಲ್ಲಿ ಹೋದ ಮೇಲೆ ತಿಳಿಯಿತು, ಇದು ಬೇರೆಯೇ ಲೋಕ ಎಂದು. ಜಲಜಮ್ಮ ಕೊನೆಯ ಸಾಲಿಗೆ ಕೇಳಿಸುವ ಹಾಗೆ ಗಂಟಲು ತೆರೆದರೆ ವಿನಯಾ, “ಅಮ್ಮ, ಕೊನೇ ಸಾಲೇ ಇಲ್ಲ ಇಲ್ಲಿ. ಮೈಕು ನಿಮ್ಮ ಕೊರಳಲ್ಲಿದೆ, ಸುಮ್ನೆ ಮಾತಾಡಿ,” ಎನ್ನುವಳು. ಅವರು ಮಾತು ಮರೆತರೂ ಚಿಂತೆಯಿರಲಿಲ್ಲ. ಸಣ್ಣ ಸಣ್ಣ ತುಂಡು, ತಪ್ಪಿದರೆ ಮತ್ತೊಮ್ಮೆ.

ಎಡವಟ್ಟಾದದ್ದು ಸೆರಗಿನಿಂದ. ಜಲಜಮ್ಮ ಒಮ್ಮೆ ಸೆರಗು ಎಳೆದುಕೊಂಡದ್ದನ್ನು ನೋಡಿ ವಿನಯಾ ಮರುಳಾಗಿಬಿಟ್ಟಳು. “ಅಮ್ಮ, ಎಂಥಾ ಗೆಸ್ಚರ್ ಅದು! ಎಲ್ಲ ಮುಖ್ಯ ಕಡೆ ಅದನ್ನ ಇಟ್ಕೊಳ್ಳಿ.” ಅಯ್ಯೋ ಶಿವನೇ! ಅದು ಮರೆವಿನ ಗುರುತು ಎಂದು ಹೇಳುವುದು ಹೇಗೆ? ಜಲಜಮ್ಮ ತಲೆಯಾಡಿಸಿದರು. ಅಡುಗೆಮನೆಯ ದೃಶ್ಯದಲ್ಲಿ, ಮಾತೆಲ್ಲ ನೆನಪಿದ್ದೂ, ಹೇಳಿದ ಹಾಗೆ ಸೆರಗು ಎಳೆದರು. ಬಾಗಿಲ ಮರೆಯಲ್ಲಿದ್ದ ಹುಲಿಯಪ್ಪನ ಬಾಯಿ ತನ್ನಷ್ಟಕ್ಕೆ ಮಾತು ಕೊಟ್ಟುಬಿಟ್ಟಿತು.

ಧ್ವನಿಯ ಕೆಲಸದ ಸಚಿನ್ ಹೆಡ್‌ಫೋನು ತೆಗೆದು ಆಚೆ ಈಚೆ ನೋಡಿದ. “ಯಾರೋ ಪಿಸುಗುಟ್ತಿದಾರೆ.”

ಎರಡನೇ ಸಲವೂ ಹಾಗೇ. ಮೂರನೇ ಸಲ ಹುಲಿಯಪ್ಪ ಬಾಯಿಗೆ ಟವೆಲು ಒತ್ತಿಕೊಂಡಿದ್ದ. ಟವೆಲಿನೊಳಗಿಂದಲೇ ಮಾತು ಹೋಯಿತು. ನಾಯಿ ಬಾಲ ಡೊಂಕು ಅನ್ನುತ್ತಾರಲ್ಲ, ಮೂವತ್ಮೂರು ವರ್ಷದ ಅಭ್ಯಾಸ ಅಷ್ಟು ಬೇಗ ನೆಟ್ಟಗಾಗುತ್ತದೆಯೇ? ವಿನಯಾ ಬೈಯಲಿಲ್ಲ. “ಹುಲಿಯಪ್ಪನೋರೆ, ತಪ್ಪು ತಿಳೀಬೇಡಿ. ಟೇಕ್ ನಡೆಯೋವಾಗ ನೀವು ಹೊಸಿಲು ದಾಟಿ ಒಳಗೆ ಬರಬೇಡಿ,” ಎಂದಳು. ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವನು ಹೊಸಿಲಾಚೆ ಹೋಗಿ ನಿಂತ.

ಉಳಿದದ್ದು ಕೊನೆಯ ದೃಶ್ಯ. ಅದನ್ನು ತುಂಡು ಮಾಡುವುದಿಲ್ಲ, ಹನ್ನೊಂದು ಸಾಮಾನನ್ನೂ ಒಂದೇ ಉಸಿರಿನ ಶಾಟಿನಲ್ಲಿ ತೆಗೆಯುತ್ತೇನೆ ಎಂದು ವಿನಯಾಳ ಹಟ. ಸಂಜೆ ನಾಲ್ಕು ಸಲ ಪ್ರಯತ್ನ ಆಯಿತು. ಜಲಜಮ್ಮ ಒಮ್ಮೆ ಮೊರಕ್ಕೆ ನಿಂತರು, ಒಮ್ಮೆ ತೊಟ್ಟಿಲಿಗೆ, ಒಮ್ಮೆ ಬೀಸುಕಲ್ಲನ್ನೇ ಎರಡು ಸಲ ಹೇಳಿದರು. ನಾಲ್ಕನೇ ಸಲ ಸೆರಗು ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಲೇ ಉಳಿದರು. ಹೊಸಿಲಾಚೆ ನಿಂತಿದ್ದ ಹುಲಿಯಪ್ಪನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಕೊಡುವಂತಿರಲಿಲ್ಲ. ಕೈ ಕಟ್ಟಿ ಹಾಕಿ ಕಣ್ಣೆದುರೇ ಮಗುವನ್ನು ಎಡವಲು ಬಿಟ್ಟಂತಾಗಿ ಅವನಿಗೆ ಸಂಕಟವಾಯಿತು.

“ನಾಳೆ ಬೆಳಿಗ್ಗೆ ಒಂದು ಸಲ ನೋಡೋಣ ಅಮ್ಮ,” ಎಂದಳು ವಿನಯಾ. ಆಮೇಲೆ ತಗ್ಗಿದ ದನಿಯಲ್ಲಿ, “ಆಗ್ಲಿಲ್ಲ ಅಂದ್ರೆ ನಾನು ಬೆಂಗಳೂರಿಗೆ ಫೋನ್ ಮಾಡಲೇಬೇಕಾಗತ್ತೆ. ಆ ಸೀರಿಯಲ್ ನಟಿ ಬಂದ್ರೆ ಎಲ್ಲಾನೂ ಮೊದಲಿಂದ.”

ಜಲಜಮ್ಮ ಹುಲಿಯಪ್ಪನ ಪಕ್ಕದಲ್ಲೇ ಹಾದು ಜೀಪಿಗೆ ಹೋದರು. “ಮಾತು ಕೊಟ್ಟಿದ್ದೆ ನೀನು,” ಎಂದರು. ಅಷ್ಟೇ.

ಬೆಳಿಗ್ಗೆ ಎಲ್ಲರೂ ಬರುವ ಹೊತ್ತಿಗೆ ಹುಲಿಯಪ್ಪ ಅಂಗಳದಲ್ಲಿದ್ದ. ಒಳಗಿದ್ದ ಸಾಮಾನುಗಳನ್ನೆಲ್ಲ ಹೊರಗೆ ಹೊತ್ತು ತಂದು ಎಡದಿಂದ ಬಲಕ್ಕೆ ಸಾಲಾಗಿ ಇಟ್ಟಿದ್ದ. ಒನಕೆ, ಆಮೇಲೆ ಬೀಸುಕಲ್ಲು, ಆಮೇಲೆ ಹಂಡೆ, ಕಂಬಳಿ, ಮೊರ. ತುಳಸಿಗಿಡಕ್ಕೆ ಮಣ್ಣು ಸಮೇತ ಒಂದು ಡಬ್ಬಿ. ಕ್ಯಾಮರಾ ಬಾಗಿಲಿಗೆ ಬೆನ್ನು ಹಾಕಿ ಜಲಜಮ್ಮನ ಮುಖ ನೋಡುತ್ತದೆ. ಜಲಜಮ್ಮ ನೋಡುವುದು ಬಾಗಿಲಾಚೆ, ಲಾರಿ ನಿಂತಿರಬೇಕಾದ ಕಡೆ. ಅಲ್ಲಿ ಈ ಸಾಲು. ಹತ್ತು ಸಾಮಾನು ಆಯಿತು. ಹನ್ನೊಂದನೆಯದು ಬಾಗಿಲಲ್ಲೇ ಇತ್ತು.

“ಇದೆಲ್ಲ ಯಾಕೆ ಹೀಗೆ ಜೋಡ್ಸಿದೀರಿ?” ಎಂದು ವಿನಯಾ ಕೇಳಿದಳು.

“ಲ್... ಲ್... ಲ್...” ಎಂದ ಹುಲಿಯಪ್ಪ.

“ಸರಿ ಸರಿ, ಇರಲಿ. ಫ್ರೇಮಿಗೆ ಬರಲ್ಲ.” ಅವಳು ಒಳಗೆ ಹೋದಳು. ಉಗ್ಗಿನಿಂದ ಅವನಿಗೆ ಜೀವಮಾನದಲ್ಲಿ ಆದ ಉಪಕಾರ ಅದೊಂದೇ.

ಶಾಟ್ ಶುರುವಾಯಿತು. ಅಧಿಕಾರಿಯ ಪಾತ್ರದವನು ಅವಸರ ಮಾಡಿದ. ಜಲಜಮ್ಮ ತಲೆಯೆತ್ತಿ ಹೊರಗೆ ನೋಡಿದರು. ಸಾಲು ಕಂಡಿತು. ಅವರ ಮುಖದಲ್ಲಿ ಏನೋ ಸಡಿಲಾದದ್ದು ಹುಲಿಯಪ್ಪನಿಗೆ ಮಾತ್ರ ತಿಳಿಯಿತು. “ಒನಕೆ,” ಎಂದರು. “ಬೀಸುಕಲ್ಲು.” ಒಂದೊಂದನ್ನೂ ಕಣ್ಣಿಂದ ಮುಟ್ಟಿ, ಗುರುತು ಹಿಡಿದು, ಹೇಳಿದರು. ವೇದಿಕೆಯ ಮೇಲೆ ಅವರು ಯಾವತ್ತೂ ಹಾಗೆ ಹೇಳಿರಲಿಲ್ಲ. ಅಲ್ಲಿ ಬರೀ ಹೆಸರುಗಳಿದ್ದವು, ಇಲ್ಲಿ ಸಾಮಾನೇ ಇತ್ತು. ಊರುಗೋಲು ಆಯಿತು, ಕೋಳಿಗೂಡು ಆಯಿತು. “ತುಳಸಿಗಿಡ, ಮಣ್ಣು ಸಮೇತ.”

ಆಮೇಲೆ ನಿಂತರು. ಎಡಗೈ ಮೇಲೆ ಹೋಯಿತು. ಸೆರಗು ಎಳೆದರು.

ಹುಲಿಯಪ್ಪ ಕೆಳಗೆ ನೋಡಿದ. ಸಾಲು ಸರಿಯಾಗಿ ಕಾಣಲೆಂದು ಪಕ್ಕಕ್ಕೆ ಸರಿಯುತ್ತ ಸರಿಯುತ್ತ ತಾನು ಹೊಸಿಲ ಮೇಲೇ ಕಾಲಿಟ್ಟು ನಿಂತಿದ್ದ. ಅವನ ಎರಡು ಕಾಲು, ಲುಂಗಿ ಹೊಸಿಲನ್ನು ಮುಚ್ಚಿದ್ದವು. ಹತ್ತು ಸಾಮಾನು ಹೊತ್ತು ತಂದವನು ಹನ್ನೊಂದನೆಯದಕ್ಕೆ ತಾನೇ ಅಡ್ಡ ನಿಂತಿದ್ದ! ಹಿಂದೆ ಸರಿದರೆ ಸದ್ದು, ಪಿಸುಗುಟ್ಟಿದರೆ ಸಚಿನ್. ಬೆರಳು ಕೆಳಗೆ ಮಾಡಿ ತೋರಿಸಿದ. ಜಲಜಮ್ಮ ಬೆರಳು ನೋಡಲಿಲ್ಲ, ಅವನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

“ಆಮೇಲೆ, ಅಕೋ, ಅಲ್ಲೊಬ್ಬ ನಿಂತಿದಾನಲ್ಲ,” ಎಂದರು. “ಇಷ್ಟು ವರ್ಷ ಬಾಗಿಲ ಹೊರಗೇ ನಿಂತಿದ್ದ. ಅವನನ್ನೂ ಹತ್ತಿಸಿ. ಅವನಿಲ್ದೆ ನಾನು ಹತ್ತೋದಿಲ್ಲ.”

ಅಧಿಕಾರಿಯ ಪಾತ್ರದವನು ಏನು ಮಾಡಬೇಕೆಂದು ತಿಳಿಯದೆ ತಿರುಗಿ ನೋಡಿದ. ‘ಕಟ್’ ಎನ್ನಲು ವಿನಯಾಳಿಗೆ ಸ್ವಲ್ಪ ಹೊತ್ತು ಹಿಡಿಯಿತು, ಮೂಗು ಒರೆಸಿಕೊಳ್ಳುತ್ತಿದ್ದಳು. “ಅಮ್ಮ, ಹೊಸಿಲು ಅಂತ ಇತ್ತಲ್ಲ? ಆದ್ರೆ ಇದೇ ಇರಲಿ. ಇದೇ ಇರಲಿ!” ಜಲಜಮ್ಮ ಕುಡಿಯಲು ನೀರು ಕೇಳಿದರು. ಆಮೇಲೆ ವಿನಯಾ ಹುಲಿಯಪ್ಪನನ್ನು ಒಂದು ಹೆಜ್ಜೆ ಹಿಂದೆ ನಿಲ್ಲಿಸಿ, ಹೊಸಿಲಾಚೆಯ ಅವನ ಎರಡು ಪಾದಗಳನ್ನಷ್ಟೇ ಬೇರೆಯಾಗಿ ಶೂಟ್ ಮಾಡಿಕೊಂಡಳು. ಬೆಂಗಳೂರಿಗೆ ಫೋನ್ ಹೋಗಲಿಲ್ಲ.

ಎಲ್ಲರೂ ಖುಷಿಯಾಗಿದ್ದರು, ಹುಲಿಯಪ್ಪನೊಬ್ಬನನ್ನು ಬಿಟ್ಟು. ಮೂವತ್ಮೂರು ವರ್ಷ ಜನರನ್ನು ಅಳಿಸಿದ ಪದ ತನ್ನ ಕಾಲಡಿಗೆ ಬಿದ್ದು ಹೋಯಿತು ಎಂಬ ಕೊರಗು ಅವನಿಗೆ. ಟೀಚರು ಮರೆತರು, ಕಂಡದ್ದನ್ನು ಹೇಳಿ ಹೇಗೋ ಪಾರಾದರು; ತಾನು ಕೊಟ್ಟ ಮಾತು ಹತ್ತಕ್ಕೇ ನಿಂತಿತು. ಎರಡು ತಿಂಗಳು ವಾಲ್ವು ತಿರುಗಿಸುವಾಗೆಲ್ಲ ಇದೇ ಯೋಚನೆ. ಒಂದು ದಿನ ಕೆಳಗಿನ ಕೇರಿಗೆ ನೀರು ಬಿಡುವುದನ್ನೇ ಮರೆತು ಬೈಸಿಕೊಂಡ.

ಏಪ್ರಿಲ್ಲಿನ ಒಂದು ಭಾನುವಾರ ಮಧ್ಯಾಹ್ನ ‘ಕೊನೇ ಲಾರಿ’ ಟೀವಿಯಲ್ಲಿ ಬಂತು. ಕೆರಿಯಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದ್ದಳು. ಕೊನೆಗೆ ಹೊಸಿಲಾಚೆಯ ಪಾದಗಳು ಪರದೆ ತುಂಬಿದಾಗ, ಒಡೆದ ಹಿಮ್ಮಡಿ, ಕಿರುಬೆರಳ ಮೇಲೆ ಪೈಪು ಬಿದ್ದು ಕಪ್ಪಾದ ಉಗುರು, ಅವಳು ಕಿರುಚಿಯೇಬಿಟ್ಟಳು: “ಅಯ್ಯಯ್ಯೋ, ಇದು ನಿಮ್ ಕಾಲಲ್ವಾ!” ಮನೆಗೆ ಮನೆಯೇ ನಕ್ಕಿತು. ಹೆಸರುಗಳು ಓದಲಾಗದಷ್ಟು ಬೇಗ ಓಡಿದವು. ಅದರಲ್ಲಿ ಹುಲಿಯಪ್ಪ ಇದ್ದನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ಜನ ಎದ್ದು ಹೋಗುತ್ತಿದ್ದ ಹಾಗೇ ಫೋನು ಬಂತು. ಜಲಜಮ್ಮ.

“ನೋಡ್ದ್ಯಾ?”

“ನ್... ನ್...”

“ಪಿಸುಗುಟ್ಟು ಮಾರಾಯ. ಇಲ್ಲಿ ಸಚಿನ್ ಇಲ್ಲ.”

ಹುಲಿಯಪ್ಪ ಜಗುಲಿಯ ಮೂಲೆಗೆ ಹೋದ. “ನೋಡ್ದೆ ಟೀಚ್ರೆ. ನನ್ನಿಂದ ತಪ್ಪಾತು. ಹೊಸಿಲಿಗೆ ಅಡ್ಡ ನಿಂತ್ಬಿಟ್ಟೆ. ನಿಮಗೆ ಕಾಣ್ಲಿಲ್ಲ.”

ಜಲಜಮ್ಮ ಆ ಕಡೆಯಿಂದ ಪಟ್ಟಿ ಹೇಳತೊಡಗಿದರು. “ಒನಕೆ. ಬೀಸುಕಲ್ಲು. ಹಂಡೆ. ಕಂಬಳಿ. ಮೊರ. ದೇವರ ಮಣೆ. ತೊಟ್ಟಿಲು.” ನಿಂತರು. ಫೋನಿನಲ್ಲಿ ಸೆರಗು ಕಾಣುವುದಿಲ್ಲ. ಹುಲಿಯಪ್ಪ ಒಂದು ಉಸಿರು ಕಾದು, “ಅತ್ತೆಯ ಊರುಗೋಲು,” ಎಂದ.

“ಹ್ಞಾ, ಅತ್ತೆಯ ಊರುಗೋಲು. ಕೋಳಿಗೂಡು. ತುಳಸಿಗಿಡ, ಮಣ್ಣು ಸಮೇತ.”

ಮತ್ತೆ ನಿಂತರು. ಹುಲಿಯಪ್ಪ ಬಾಯಿ ತೆರೆದ.

“ಸುಮ್ನಿರು, ಕೊಡ್ಬ್ಯಾಡ,” ಎಂದರು ಜಲಜಮ್ಮ. “ಹೊಸಿಲು. ಎಲ್ಲಾ ಮರೀತದೆ ಹುಲಿಯಪ್ಪ, ಅದೊಂದು ಮರ್ಯೋದಿಲ್ಲ. ಆವತ್ತೂ ಮರ್ತಿರ್ಲಿಲ್ಲ.”

“ಮತ್ತೆ ಸೆರಗು ಎಳೆದ್ರಲ್ಲ?”

“ಆ ಹುಡುಗಿ ಎಳೀರಿ ಅಂದಿದ್ಲಲ್ಲ ಮಾರಾಯ, ಎಳೆದೆ!” ಎಂದು ಫೋನು ಇಟ್ಟರು.

ಹುಲಿಯಪ್ಪ ಫೋನು ಹಿಡಿದುಕೊಂಡೇ ಜಗುಲಿಯಲ್ಲಿ ನಿಂತಿದ್ದ. ಕೆರಿಯಮ್ಮ ಕಾಫಿ ಲೋಟಗಳನ್ನು ಎತ್ತಲು ಬಂದಳು. “ಟೀಚರ್ರಾ? ಎಂತ ಅಂದ್ರು?”

ಅವನು ಬಾಯಿ ತೆರೆದ. ಮಾತು ಹಲ್ಲಿನ ಹಿಂದೆ ಸಿಕ್ಕಿಕೊಂಡಿತು. ಮದುವೆಯಾದಂದಿನಿಂದ ಒಂದು ದಿನವೂ ಅವನ ಮಾತನ್ನು ಅರ್ಧದಲ್ಲಿ ಕಸಿಯದ ಹೆಂಗಸು ಅವಳು. ಲೋಟ ಕೈಯಲ್ಲಿ ಹಿಡಿದು ಕಾದಳು.

“ಹ್... ಹ್... ಹತ್ತು ಅಂದ್ರು. ಲಾ... ಲಾರಿ.”